ಅಂಚಿನ ಕಾಲಾಳು

ಕೀಲ್ಪಾಕ್‌ಗೆ ಹೊರಟ ಆಟೋದಲ್ಲಿ ಕೂತು ಮೋನಪ್ಪ ಒಂದೇ ಒಂದು ಮೆಸೇಜನ್ನು ಅಳಿಸಲು ಹೆಣಗುತ್ತಿದ್ದ. ಕನ್ನಡಕ ಹಣೆಗೇರಿತ್ತು, ಆಟೋದವನಿಗೆ ಚೆನ್ನೈಯ ಒಂದು ಗುಂಡಿಯನ್ನೂ ಬಿಡಬಾರದೆಂಬ ಹಠವಿದ್ದಂತಿತ್ತು. ‘ಎಲ್ಲರಿಗೂ ಅಳಿಸು’ ಎಂಬುದನ್ನು ಒತ್ತಬೇಕು. ಸರಿಯಾಗಿ ಆ ಹೊತ್ತಿಗೇ ಆಟೋ ಎಗರಿ, ಬೆರಳು ಅದರ ಕೆಳಗಿದ್ದ ‘ನನಗೆ ಮಾತ್ರ ಅಳಿಸು’ ಎಂಬುದರ ಮೇಲೆ ಬಿತ್ತು. ಮೆಸೇಜು ಮೋನಪ್ಪನ ಫೋನಿನಿಂದ ಮಾಯವಾಯಿತು. ಇನ್ನು ಅದು ಉಳಿದದ್ದು ಒಂದೇ ಕಡೆ, ಸತ್ತವರ ಫೋನಿನಲ್ಲಿ.

“ಅಯ್ಯೋ ದೇವರೇ, ಕೆಟ್ಟೆ!” ಎಂದ ಮೋನಪ್ಪ.

“ಎನ್ನ ಸಾರ್, ಅಡ್ರೆಸ್ ಮರಂದಿಟ್ಟೀಂಗಳಾ?” ಎಂದು ಆಟೋದವನು ತಿರುಗಿ ನೋಡಿದ. ವಿಳಾಸ ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು, ಮನೆಗೆ ವಾಪಸು ಹೋಗಬಹುದಿತ್ತು.

ಬೆಳಗಿನ ಜಾವ ಹೋಟೆಲಿನಲ್ಲಿ ಮೊದಲ ಇಡ್ಲಿ ಬೇಯುತ್ತಿರುವಾಗ ಅವನು ಪಂಢರಿನಾಥರಿಗೆ ಕಳಿಸಿದ್ದ ಮಾತು ಇದು: “ಎಂತ ಸ್ವಾಮೀ, ಬದುಕಿದ್ದೀರಾ ಇಲ್ಲ ಟಿಕೆಟ್ ತೆಗೊಂಡ್ರಾ? ಒಂದು ಕಾಯಿ ನಡೆಸ್ಲಿಕ್ಕೆ ಮೂರು ದಿವಸ ಬೇಕಾ ಮಾರಾಯ್ರೆ?” ಪಂಢರಿನಾಥರು ರಾತ್ರಿ ಮಲಗಿದವರು ಎದ್ದಿರಲಿಲ್ಲ. ಆ ಸುದ್ದಿ ಮೋನಪ್ಪನಿಗೆ ತಿಳಿದದ್ದು ತಿಂಡಿಯ ಗಲಾಟೆ ಮುಗಿದ ಮೇಲೆ, ಚೆಸ್ ಗುಂಪಿನಲ್ಲಿ ಪ್ರವೀಣ್ ಹಾಕಿದಾಗ. ಗಾಬರಿಯಿಂದ ತನ್ನ ಮೆಸೇಜು ತೆರೆದು ನೋಡಿದರೆ ಅದರ ಪಕ್ಕದ ಎರಡು ಗೀಟು ನೀಲಿಯಾಗಿದ್ದವು. ಆ ಮನೆಯಲ್ಲಿ ಯಾರೋ ಅದನ್ನು ಓದಿದ್ದರು.

*

ಗುಂಪಿನ ಹೆಸರು ‘ಅರವತ್ನಾಲ್ಕು ಮನೆ’. ಲಾಕ್‌ಡೌನಿನಲ್ಲಿ ವೇಲಚೇರಿಯ ಹೋಟೆಲಿಗೆ ಬಾಗಿಲು ಹಾಕಿ ಖಾಲಿ ಕೂತಿದ್ದ ಮೋನಪ್ಪನನ್ನು ಪ್ರವೀಣ್ ಅದಕ್ಕೆ ಸೇರಿಸಿದ್ದ. ಶೋಳಿಂಗನಲ್ಲೂರಿನ ಆಫೀಸಿನಿಂದ ವಾರಕ್ಕೊಮ್ಮೆ ನೀರುದೋಸೆಗೆ ಬರುತ್ತಿದ್ದ ಊರಿನ ಹುಡುಗ ಅವನು. ಚೆನ್ನೈಯ ಮೂಲೆಮೂಲೆಯ ಕನ್ನಡದವರು ಅಲ್ಲಿ ಫೋನಿನಲ್ಲೇ ಚದುರಂಗ ಆಡುತ್ತಿದ್ದರು, ಆಡಿದ್ದಕ್ಕಿಂತ ಹೆಚ್ಚು ಕಾಲೆಳೆಯುತ್ತಿದ್ದರು.

ವಿಮಾ ಕಚೇರಿಯಿಂದ ನಿವೃತ್ತರಾದ ಪಂಢರಿನಾಥರು ದಿನಾ ಬೆಳಿಗ್ಗೆ ಒಂದು ಪ್ರಶ್ನೆ ಹಾಕುತ್ತಿದ್ದರು. ಮೋನಪ್ಪ ಸೇರಿದ ದಿನದ ಪ್ರಶ್ನೆ: “ಎದುರಾಳಿಯ ರಾಜನಿಗೆ ಎಂದೂ ನೇರವಾಗಿ ಶಹ ಕೊಡಲಾರದ ಕಾಯಿ ಯಾವುದು?”

“ನನ್ನ ಕಾಯಿಗಳಲ್ಲಿ ಯಾವುದೂ ಕೊಡುವುದಿಲ್ಲ ಮಾರಾಯ್ರೆ,” ಎಂದು ಬರೆದ ಮೋನಪ್ಪ.

ಉತ್ತರ ರಾಜ ಎಂದಿತ್ತು. ಆದರೆ ಅದರ ಬೆನ್ನಿಗೇ ಪಂಢರಿನಾಥರಿಂದ ಇನ್ನೊಂದು ಸಾಲು ಬಂತು: “ನಿಮ್ಮ ಆಟ ನೋಡಿದೆ. ಕುದುರೆ ಎರಡೂ ನೆನೆಹಾಕಿದ ಉದ್ದಿನ ಹಾಗೆ ಇದ್ದಲ್ಲೇ ಊದ್ತಿವೆ. ಯಾವಾಗ ರುಬ್ಬೋದು?”

ಮೋನಪ್ಪ ಬಿದ್ದುಬಿದ್ದು ನಕ್ಕ. ಅಂದಿನಿಂದ ಇಬ್ಬರಿಗೂ ಜೋಡಿ ಬಿತ್ತು. ಒಂದು ನಡೆಗೆ ಮೂರು ದಿನ ಗಡುವಿರುವ ನಿಧಾನದ ಆಟ, ಒಂದು ಮುಗಿದರೆ ಇನ್ನೊಂದು. ಆನೆಯನ್ನು ಮೂಲೆಯಲ್ಲಿ ಮರೆತರೆ “ಉಪ್ಪಿನಕಾಯಿ ಹಾಕಿದ್ದೀರೋ?” ಎಂಬ ಪ್ರಶ್ನೆ, ಮಂತ್ರಿಯನ್ನು ಕಳೆದುಕೊಂಡರೆ “ಹಾಲು ಉಕ್ಕಿದ ಮೇಲೆ ಒಲೆ ಆರಿಸಿದಿರಿ” ಎಂಬ ಷರಾ. ಹೋಟೆಲಿನವನೆಂದು ತನಗಾಗಿಯೇ ಅಡುಗೆಮನೆಯ ಬೈಗುಳ ಹುಡುಕುತ್ತಾರಲ್ಲ ಎಂದು ಮೋನಪ್ಪನಿಗೆ ಹೆಮ್ಮೆ. ಪಂಢರಿನಾಥರ ಆಟ ಮಾತ್ರ ಅವರ ಮಾತಿನಷ್ಟು ಚುರುಕಲ್ಲ. ದಿಕ್ಕು ತೋಚದಾಗ ಅಂಚಿನ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿ ಸುಮ್ಮನಾಗುತ್ತಿದ್ದರು. ಗುಂಪಿನಲ್ಲಿ ಆ ನಡೆಗೆ ‘ಪಂಢರಿ ತಳ್ಳು’ ಎಂದೇ ಹೆಸರಾಗಿತ್ತು.

ಇಷ್ಟಾದರೂ ಇಬ್ಬರೂ ಮುಖ ನೋಡಿರಲಿಲ್ಲ. ಕೀಲ್ಪಾಕ್ ಏನು ಕಾಶಿಯೇ, ಮುಂದಿನ ವಾರ ಹೋದರಾಯಿತು ಎಂದು ವರ್ಷಗಳು ಹೋಗಿದ್ದವು.

*

ಮೊದಲ ಮಹಡಿಯ ಹಳೇ ಫ್ಲಾಟಿನ ಹಾಲಿನಲ್ಲಿ ಪಂಢರಿನಾಥರನ್ನು ಮಲಗಿಸಿದ್ದರು. ತೆಳ್ಳನೆಯ ಮನುಷ್ಯ, ಹಣೆಯಲ್ಲಿ ಗೋಪೀಚಂದನ, ಏನೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂಥ ಮುಖ. ಮೋನಪ್ಪ ಕೈಮುಗಿದು ಬಾಗಿಲ ಪಕ್ಕದಲ್ಲಿ ಪ್ರವೀಣನ ಹತ್ತಿರ ನಿಂತ. ಅವನ ಕಣ್ಣು ಮಾತ್ರ ಫೋನು ಎಲ್ಲಿದೆ ಎಂದು ಕಪಾಟು, ಕಿಟಕಿ, ಟೀವಿಯ ತಲೆಯನ್ನೆಲ್ಲ ಹುಡುಕುತ್ತಿತ್ತು.

“ಪಾವಂ, ಪಾಪದವರು, ಇರೋದೇ ಗೊತ್ತಾಗ್ತಿರ್ಲಿಲ್ಲೆ,” ಎನ್ನುತ್ತಿದ್ದರು ಪಕ್ಕದ ಮನೆಯ ರಮಾಬಾಯಿ. “ಒಂದು ತಮಾಷೆ ಮಾತು ಆ ಬಾಯಿಂದ ನಾ ಕೇಳಿಲ್ಲೆ.”

ಮೋನಪ್ಪ, ಪ್ರವೀಣ್ ಮುಖಮುಖ ನೋಡಿಕೊಂಡರು.

“ಯಾರ ಬಗ್ಗೆ ಹೇಳ್ತಿದ್ದಾರೆ ಇವರು?” ಎಂದು ಪಿಸುಗುಟ್ಟಿದ ಪ್ರವೀಣ್. “ನನ್ನ ಒಂಟೆಗೆ ‘ಸೀದ ಒಗ್ಗರಣೆ’ ಅಂದವರು ಇವರೇ ಅಲ್ವಾ?”

“ಅದಿರ್ಲಿ. ಫೋನ್ ಯಾರ ಹತ್ರ ಉಂಟು ನೋಡಿದ್ಯಾ?”

“ಈಗ ಫೋನ್ ಯಾಕೆ ನಿಮಗೆ?” ಎಂದವನೇ ಪ್ರವೀಣ್ ಇನ್ನೇನೋ ನೆನೆದು ನಿಟ್ಟುಸಿರಿಟ್ಟ. “ನಿನ್ನೆಯ ಪ್ರಶ್ನೆಗೆ ಉತ್ತರ ಹೇಳದೇ ಹೋದ್ರು ನೋಡಿ. ಬೋರ್ಡಿನ ಮೇಲೆ ಒಟ್ಟು ಎಷ್ಟು ಚೌಕ ಅಂತ.”

“ಅರವತ್ನಾಲ್ಕು. ಅದಕ್ಕೆಂತ ದೊಡ್ಡ ಪ್ರಶ್ನೆ?”

“ನಾಲ್ಕು ಮನೆ ಸೇರಿದ್ರೂ ಒಂದು ಚೌಕ ಅಲ್ವಾ? ಒಂಬತ್ತು ಸೇರಿದ್ರೆ? ಇಡೀ ಬೋರ್ಡೇ ಒಂದು ಚೌಕ. ಎಲ್ಲ ಲೆಕ್ಕ ಹಾಕ್ಬೇಕು.”

“ನಿನ್ನ ತಲೆ. ಯಾರು ಹಾಕ್ತಾರೆ ಅದನ್ನೆಲ್ಲ?”

“ಇನ್ನೂರ ನಾಲ್ಕು.”

ಹಿಂದಿನಿಂದ ಬಂದ ದನಿಗೆ ಇಬ್ಬರೂ ಬೆಚ್ಚಿದರು. ಒದ್ದೆ ಪಂಚೆಯಲ್ಲಿ ನಿಂತಿದ್ದ ಮಗ ಸತ್ಯಾತ್ಮ. ಶವದ ಮುಂದೆ ಚದುರಂಗದ ಹರಟೆ ಹೊಡೆದದ್ದಕ್ಕೆ ಈಗ ಬೈಸಿಕೊಳ್ಳುವುದೇ ಗತಿ ಎಂದು ಮೋನಪ್ಪ ತಲೆ ತಗ್ಗಿಸಿದ.

“ನಾ ಮೂರನೇ ಕ್ಲಾಸಲ್ಲಿದ್ದಾಗ ಅಪ್ಪಾ ಕೇಳಿದ್ರು,” ಎಂದ ಸತ್ಯಾತ್ಮ. “ಒಂದು ವಾರ ಎಣಿಸಿದ್ದೆ.” ಅಷ್ಟು ಹೇಳಿ ಪುರೋಹಿತರು ಕರೆದರೆಂದು ಹೋದ.

ಒಳಗಿನಿಂದ ಹೂವಿನ ಬುಟ್ಟಿ ತಂದ ಹುಡುಗಿ ಸತ್ಯಾತ್ಮನ ಮಗಳು ಮಾನ್ಯಾ. ಕಾಲೇಜಿಗೆ ಹೋಗುವವಳು. ಮೋನಪ್ಪ ಧೈರ್ಯ ಮಾಡಿ, ತಾತನ ಫೋನ್ ಎಲ್ಲಮ್ಮಾ ಎಂದು ಕೇಳಿದ.

“ಪಾಟಿ ಕಿಟ್ಟ ಇರುಕ್ಕು ಅಂಕಲ್. ಕಾಲೈಲೇರ್ಂದು ಕೈಲಯೇ ವೆಚ್ಚಿರುಕ್ಕಾ,” ಎಂದಳು ಅವಳು.

ಬೆಳಗಿನಿಂದ ಅಜ್ಜಿಯ ಕೈಯಲ್ಲೇ ಇದೆಯಂತೆ. ಗಂಡನ ಹೆಣದ ಪಕ್ಕ ಕೂತು ಆ ತಾಯಿ ‘ಟಿಕೆಟ್ ತೆಗೊಂಡ್ರಾ’ ಎಂದು ಓದಿದ್ದಾರೆ.

*

ಚಿತಾಗಾರದಿಂದಲೇ ಓಡಿಹೋಗಬಹುದಿತ್ತು. ಪ್ರವೀಣ್ ಹಾಗೇ ಆಫೀಸ್ ಕ್ಯಾಬ್ ಹತ್ತಿ ಹೋದ. ಆದರೆ ದಹನಕ್ಕೆ ಹೋದವರು ಮನೆಗೆ ಬಂದು ದೀಪ ನೋಡಿ ಹೋಗಬೇಕು. ಅಷ್ಟನ್ನೂ ಮಾಡದೆ ಹೋದರೆ ತನ್ನಂಥ ಹೇಡಿ ಇನ್ನೊಬ್ಬನಿಲ್ಲ ಎಂದುಕೊಂಡು ಮೋನಪ್ಪ ಉಳಿದವರ ಹಿಂದೆ ಮೆಟ್ಟಿಲು ಹತ್ತಿದ.

ಫ್ಲಾಟಿನ ಹಾಲ್ ಈಗ ತೊಳೆದು ಖಾಲಿಯಾಗಿತ್ತು. ಪಂಢರಿನಾಥರನ್ನು ಮಲಗಿಸಿದ್ದ ಜಾಗದಲ್ಲಿ ಒಂದು ದೀಪ. ಅದರ ಪಕ್ಕ ಗೋಡೆಗೊರಗಿ ಅವರ ಹೆಂಡತಿ ಭೀಮಾಬಾಯಿ ಕೂತಿದ್ದರು, ಮಡಿಲಲ್ಲಿ ಫೋನು. ಎಲ್ಲರೂ ದೀಪ ನೋಡಿ ಮಾತಿಲ್ಲದೆ ಹೊರಟರು. ಮೋನಪ್ಪನೂ ತಿರುಗಿದ.

“ನೀವು ವೇಲಚೇರಿ ಮೋನಪ್ಪನೋ?”

ಅವನು ಅಲ್ಲೇ ನಿಂತ. ಆಮೇಲೆ ನಿಲ್ಲಲಾಗದೆ ನೆಲದ ಮೇಲೇ ಕೂತ. “ಅಮ್ಮಾ, ನಂಗೆ ಗೊತ್ತಿರ್ಲಿಲ್ಲ. ದೇವರಾಣೆ ಗೊತ್ತಿರ್ಲಿಲ್ಲ. ಆಟ ನಾನು ಗೆಲ್ಲುವ ಹಾಗೆ ಇತ್ತು, ಆ ಖುಷಿಗೆ ಬಾಯಿಗೆ ಬಂದದ್ದು ಹಾಕಿದೆ. ಅಳಿಸ್ಲಿಕ್ಕೆ ಹೋದೆ, ಅದೂ ಸರಿ ಆಗ್ಲಿಲ್ಲ. ನಾನೊಬ್ಬ ಮಂಗ. ಕ್ಷಮಿಸಿ ಅಂತ ಯಾವ ಬಾಯಲ್ಲಿ ಹೇಳುದು?”

ಭೀಮಾಬಾಯಿ ಮಡಿಲಿನ ಫೋನಿನಿಂದ ತಲೆಯೆತ್ತಿ ಅವನನ್ನು ನೋಡಿದರು.

“ನೆನೆಹಾಕಿದ ಉದ್ದು,” ಎಂದರು.

“ಎಂತ?”

“ನಿಮ್ಮ ಕುದುರೆಗೆ ಹಾಗಂದೋರು ಯಾರು?”

“ಸ್ವಾಮಿಗಳೇ. ಪಂಢರಿನಾಥರು.”

“ಅವರೋ? ಅವರಿಗೆ ಉದ್ದು ಯಾವ್ದು, ಹೆಸರು ಯಾವ್ದು ಅಂತ ತೆರಿಯಾದು, ಗೊತ್ತೇ ಆಗ್ತಿರ್ಲಿಲ್ಲೆ.” ಅವರ ಅತ್ತು ಕೆಂಪಾದ ಕಣ್ಣಿನ ಮೂಲೆಯಲ್ಲಿ ಏನೋ ಮಿನುಗಿತು. “ನಾ ಅಡಿಗೆ ಮಾಡ್ತಿರ್ಬೇಕಾದ್ರೆ ಬಾಗಲಲ್ಲಿ ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ಳೋರು. ‘ಭೀಮೂ, ಮೋನಪ್ಪ ಹೀಗಂದಿದ್ದಾನೆ, ಏನು ಹೇಳ್ಲಿ?’ ಅನ್ನೋರು. ಕುದುರೆ ಎಲ್ಲಿ ನಿಂತಿದೆ ಅಂತ ಅವರು ಹೇಳ್ತಿದ್ರು, ಬೈಗಳ ನಾ ಹೇಳ್ತಿದ್ದೆ. ಟೈಪ್ ಮಾಡೋಕ್ ಮುಂಚೇನೇ ನಕ್ಕುನಕ್ಕು ಕೆಮ್ಮು ಬರ್ತಿತ್ತು ಅವರಿಗೆ.”

ಮೋನಪ್ಪನಿಗೆ ಉಪ್ಪಿನಕಾಯಿ, ಉಕ್ಕಿದ ಹಾಲು, ಸೀದ ಒಗ್ಗರಣೆ ಎಲ್ಲವೂ ಒಟ್ಟಿಗೆ ನೆನಪಾಗಿ ಮೈ ಬೆಚ್ಚಗಾಯಿತು. ಇಷ್ಟು ವರ್ಷ ತಾನು ಒಬ್ಬರ ಜೊತೆ ಹರಟಿದ್ದೇನೆಂದು ತಿಳಿದಿದ್ದ, ಇಬ್ಬರ ಜೊತೆ ಹರಟಿದ್ದ.

“ಬೆಳಿಗ್ಗೆ ನಿಮ್ಮ ಮೆಸೇಜ್ ಬಂತು,” ಎಂದರು ಭೀಮಾಬಾಯಿ. “ಟಿಕೆಟ್ ಅಂತ ಓದಿ ನಗು ಬಂದುಬಿಡ್ತು ನನಗೆ. ಮಗ ಸತ್ಯ ಹೆದರಿ ಡಾಕ್ಟರಿಗೆ ಫೋನ್ ಮಾಡೋಕ್ ಹೋದ. ಅವರೂ ಇದ್ದಿದ್ರೆ ನಗೋರು. ಆಮೇಲೆ ನನ್ನ ಮುಖ ನೋಡ್ಕೊಂಡು ಕೂತ್ಕೊಳ್ಳೋರು, ಏನು ಹೇಳ್ಲಿ ಅಂತ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಬೆಳಗಿಂದ ಯೋಚಿಸ್ತಿದ್ದೀನಿ ಮೋನಪ್ಪ. ಉತ್ತರಾನೇ ಹೊಳೀತಿಲ್ಲೆ.”

ಮೋನಪ್ಪನಿಗೆ ಅಳು ಬಂತು. ತಡೆಯಲಿಲ್ಲ. ಅತ್ತ ಮೇಲೆ ಎದೆ ಹಗುರಾಯಿತು, ಎದ್ದ. ಬಾಗಿಲ ಬಳಿ ಅಭ್ಯಾಸಬಲದಿಂದ “ಬರ್ತೇ...” ಎಂದವನು, ಸಾವಿನ ಮನೆಯಲ್ಲಿ ಹಾಗೆನ್ನಬಾರದೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

“ಅದೊಂದು ಬಾಕಿ ಇತ್ತು ನೋಡಿ,” ಎಂದರು ಹಿಂದಿನಿಂದ ಭೀಮಾಬಾಯಿ.

*

ಚಿಂತಾದ್ರಿಪೇಟೆಯಲ್ಲಿ ವೇಲಚೇರಿಯ ರೈಲು ಹತ್ತಿದಾಗ ಸಂಜೆಯಾಗಿತ್ತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮೋನಪ್ಪ ಫೋನು ತೆಗೆದು ಆಟ ನೋಡಿದ. ಪಂಢರಿನಾಥರ ಕಡೆಯ ಗಡಿಯಾರ ಕೆಂಪಾಗಿತ್ತು. ಇನ್ನು ತುಸು ಹೊತ್ತಿಗೆ ಗಡುವು ಮುಗಿದು ಅವನು ಗೆದ್ದಂತಾಗುತ್ತದೆ. ಹೀಗೆ ಗೆಲ್ಲುವುದು ಅವನಿಗೆ ಬೇಡವಾಗಿತ್ತು. ಬೇಡವೆಂದು ಯಾರಿಗೆ ಹೇಳುವುದು? ಸೋಲೊಪ್ಪುವ ಗುಂಡಿಯ ಮೇಲೆ ಬೆರಳಿಟ್ಟ. ಹಾಗೆ ಮಾಡಿದರೆ ಭೀಮಾಬಾಯಿ ಏನು ಬೈಯಬಹುದೆಂದು ಯೋಚಿಸಿ ಬೆರಳು ತೆಗೆದ.

ಮೈಲಾಪುರ ದಾಟುವಾಗ ಫೋನು ಕೈಯಲ್ಲೇ ನಡುಗಿತು. ಪಂಢರಿನಾಥರ ಹೆಸರು. ಕನ್ನಡದ ಮಾತು, ಆದರೆ ಇಂಗ್ಲಿಷ್ ಅಕ್ಷರದಲ್ಲಿ, ಅಲ್ಲಲ್ಲಿ ತಪ್ಪುತಪ್ಪಾಗಿ. ಅಜ್ಜಿ ಹೇಳುತ್ತ ಹೋದದ್ದನ್ನು ಕನ್ನಡ ಬರೆಯಲು ಬಾರದ ಮಾನ್ಯಾ ಒತ್ತಿದ್ದಿರಬೇಕು.

“ಟಿಕೆಟ್ ತೆಗೊಂಡದ್ದು ಅವರು ಒಬ್ಬರೇ. ನಿಮ್ಮ ಹಿಟ್ಟು ಇನ್ನೂ ಹುಳಿ ಬಂದಿಲ್ಲ, ಈಗಲೇ ಇಡ್ಲಿ ತಟ್ಟೆ ತೊಳೀಬೇಡಿ.”

ಮೋನಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. ಎದುರಿಗೆ ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಅವನು ಕಣ್ಣೊರೆಸಿಕೊಂಡು ಮತ್ತೆ ಆಟ ತೆರೆದ. ಆನೆ, ಒಂಟೆ, ಮಂತ್ರಿ ಎಲ್ಲ ಇದ್ದಲ್ಲೇ ಇದ್ದವು. ಎಡಗಡೆಯ ಅಂಚಿನಲ್ಲಿ ಕಾಲಾಳೊಂದು ಒಂದು ಮನೆ ಮುಂದೆ ಬಂದು ನಿಂತಿತ್ತು, ಮೂರು ದಿನದ ಗಡಿಯಾರ ಈಗ ಅವನ ಕಡೆ ಓಡುತ್ತಿತ್ತು.