ಆರನೇ ಲೋಟದ ಕಪ್ಪೆ

ನಾನು ಹಲ್ಲು ಮಾಡುವವಳು. ಕೀಳುವುದು, ತುಂಬುವುದು ಡಾಕ್ಟರ ಕೆಲಸ. ಅವರು ಬಾಯಿಯ ಅಚ್ಚು ಕಳಿಸಿದರೆ ಅದಕ್ಕೆ ಒಪ್ಪುವ ಹಲ್ಲಿನ ಸೆಟ್ಟನ್ನು ನಾನು ಮನೆಯಲ್ಲೇ ಕೂತು ಮಾಡಿಕೊಡುತ್ತೇನೆ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಇನ್ನೊಬ್ಬರ ಬಾಯಿಗೆ ಹೋಗುವ ವಸ್ತುವಾದ್ದರಿಂದ ಮೇಜಿನ ಮೇಲೆ ಧೂಳಿನ ಕಣ ಕಂಡರೂ ನನಗೆ ಮೈ ಉರಿಯುತ್ತದೆ. ಇಂಥವಳ ಪಕ್ಕದ ಕೋಣೆಯಲ್ಲಿ ನಮ್ಮಣ್ಣ ಕಪ್ಪೆ ಸಾಕುತ್ತಿದ್ದ.

ಬಾವಿಕಟ್ಟೆಯ ಕಪ್ಪೆಯಲ್ಲ. ಹೆಬ್ಬೆರಳಿನಷ್ಟು ಗಾತ್ರ, ಕಪ್ಪು ಮೈಗೆ ಹಳದಿ ಪಟ್ಟೆ, ನೀಲಿ ಕಾಲು. ಡಾರ್ಟ್ ಕಪ್ಪೆ ಎನ್ನುತ್ತಾರೆ. ದೂರದ ಯಾವುದೋ ಕಾಡಿನಲ್ಲಿ ಬೇಟೆಗಾರರು ಈ ಕುಲದ ಕೆಲವು ಕಪ್ಪೆಗಳ ವಿಷವನ್ನು ಬಾಣಕ್ಕೆ ಸವರುತ್ತಿದ್ದರಂತೆ. ಮನೆಯಲ್ಲಿ ಹುಟ್ಟಿ ಬೆಳೆದವಕ್ಕೆ ವಿಷವಿರುವುದಿಲ್ಲ. ಅದೆಲ್ಲ ಕಾಡಿನಲ್ಲಿ ತಿನ್ನುವ ಹುಳುಹುಪ್ಪಟೆಯಿಂದ ಬರುವುದು ಎಂದು ಅಣ್ಣ ನೂರು ಸಲ ಹೇಳಿದ್ದ. ನಮ್ಮ ಮನೆಯ ವಿಷವೆಲ್ಲ ನನ್ನ ನಾಲಿಗೆಯಲ್ಲೇ ಇತ್ತು, ಆ ಮಾತು ಬೇರೆ.

ಅಣ್ಣ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರೆದುಕೊಳ್ಳುತ್ತಿದ್ದ. ಅತ್ತಿಗೆ ತೀರಿಕೊಂಡ ಮೇಲೆ ನನ್ನ ಜೊತೆ ಇರಲು ಬಂದವನು. ನಾನು ಮದುವೆಯ ಗೋಜಿಗೆ ಹೋದವಳಲ್ಲ. ನನ್ನ ಕೆಲಸದ ಕೋಣೆ, ಅವನ ಕೋಣೆ, ನಡುವೆ ಒಂದು ಬಾಗಿಲು. ಆ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ನಾನು ಮೇಣ ಕಾಯಿಸುತ್ತ ಬೈಯುತ್ತಿದ್ದೆ, ಅವನು ಕಪ್ಪೆಗಳಿಗೆ ನೀರು ಚಿಮುಕಿಸುತ್ತ ಕೇಳಿಸಿಕೊಳ್ಳುತ್ತಿದ್ದ. ಚೆನ್ನಾಗಿಯೇ ಇದ್ದೆವು.

ಕೆಡಿಸಿದ್ದು ನೊಣ. ಆ ಕಪ್ಪೆಗಳು ಜೀವವಿಲ್ಲದ್ದನ್ನು ಮೂಸಿಯೂ ನೋಡುವುದಿಲ್ಲ. ಅವುಗಳಿಗಾಗಿ ಅಣ್ಣ ಬಾಟಲಿಗಳಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹಣ್ಣಿನ ನೊಣಗಳನ್ನು ಬೆಳೆಸುತ್ತಿದ್ದ. ಹಾರಲು ಬಾರದ ತಳಿ. ಹಾರದಿದ್ದರೇನು, ನಡೆಯಲು ಬರುತ್ತದಲ್ಲ. ಬಾಗಿಲು ದಾಟಿ, ಮೇಜಿನ ಕಾಲು ಹತ್ತಿ, ಒಂದು ನೊಣ ನಾನು ಹಲ್ಲು ಕೂರಿಸಲು ಮಾಡಿದ್ದ ಬಿಸಿ ಮೇಣದ ಒಸಡಿಗೆ ಬಂದು ಅಂಟಿಕೊಂಡಿತು. ನಾನು ನೋಡಲಿಲ್ಲ. ಮೇಣದ ಸೆಟ್ಟನ್ನು ಮೊದಲು ಬಾಯಿಗಿಟ್ಟು ಅಳತೆ ನೋಡುತ್ತಾರೆ. ಅಂದು ಡಾಕ್ಟರ ಕುರ್ಚಿಯಲ್ಲಿ ಕೂತಿದ್ದವರು ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಬಾಯಿಂದ ತೆಗೆದು ಕನ್ನಡಕ ಏರಿಸಿ ನೋಡಿದರಂತೆ. "ಡಾಕ್ಟ್ರೇ, ಹಲ್ಲು ನನಗೆ ಮಾಡಿಸಿದ್ದು ಅಲ್ವಾ? ಇವರ್ಯಾರು ನನಗಿಂತ ಮುಂಚೆ ಊಟಕ್ಕೆ ಬಂದು ಕೂತಿರೋದು?"

ಡಾಕ್ಟರು ನಗುತ್ತಲೇ ಹೇಳಿದರು. ನನಗೆ ಮಾತ್ರ ಮರ್ಯಾದೆ ಬೀದಿಗೆ ಬಿದ್ದಂತಾಯಿತು. ಮನೆಗೆ ಬಂದವಳೇ ಅಣ್ಣನ ಮೇಲೆ ಹರಿಹಾಯ್ದೆ.

"ಈ ಮನೇಲಿ ನಾನಿರಬೇಕು, ಇಲ್ಲಾ ನಿನ್ನ ನೊಣ ಇರಬೇಕು. ಹೆಂಡತಿ ಹೋದ್ಮೇಲೆ ಕಪ್ಪೆ ಕಟ್ಕೊಂಡು ಬದುಕೋನಿಗೆ ಕೆಲಸದ ಬೆಲೆ ಏನು ಗೊತ್ತು?"

ಅತ್ತಿಗೆಯ ಮಾತು ತೆಗೆಯಬಾರದಿತ್ತು. ಅಣ್ಣ ಎದ್ದು ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಸರ್ರ್ ಎಂದು ಟೇಪು ಎಳೆಯುವ ಸದ್ದು ಕೇಳಿಸಿತು. ಬಾಗಿಲಿನ ಸಂದಿಗೆಲ್ಲ ಟೇಪು ಅಂಟಿಸುತ್ತಿದ್ದ. ನನ್ನ ಗಾಳಿಯೂ ಸೋಕಬಾರದು ಎಂದು ತಾನೇ, ಸರಿ, ನಾನೂ ನೋಡುತ್ತೇನೆ ಎಂದುಕೊಂಡೆ.

ಎರಡು ವರ್ಷ ಮಾತು ಬಿಟ್ಟಿದ್ದೆವು. ಅಡುಗೆಮನೆಗೆ ಅವನು ಏಳಕ್ಕೆ, ನಾನು ಎಂಟಕ್ಕೆ. ಅವನು ಹೊರಗೆ ಹೋಗಿ ಬರುವುದು ಓಣಿಯ ಕಡೆಯ ಬಾಗಿಲಿನಿಂದ. ಪ್ರತಿ ಶನಿವಾರ ಬೆಳಿಗ್ಗೆ ತಪ್ಪದೆ ಆ ಸರ್ರ್ ಸದ್ದು: ಹಳೆ ಟೇಪು ಕಿತ್ತು ಹೊಸದು ಹಾಕುತ್ತಿದ್ದ. ಸಿಟ್ಟನ್ನು ವಾರವಾರ ಹೊಸದು ಮಾಡಿಕೊಳ್ಳುವವನನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ನಾನೇನು ಕಡಿಮೆಯೇ, ಸದ್ದು ಬಂದಾಗೆಲ್ಲ ರೇಡಿಯೊ ಜೋರು ಮಾಡುತ್ತಿದ್ದೆ.

ಒಂದು ಮಂಗಳವಾರ ಯಾರದೋ ಮನೆಯ ಮೀಟರಿನ ಮುಂದೆ ಬಗ್ಗಿದವನು ಮತ್ತೆ ಏಳಲಿಲ್ಲ.

ಅಣ್ಣನ ಗೆಳೆಯ, ಅಲಂಕಾರದ ಮೀನು ಮಾರುವ ಅಂಗಡಿಯವನು, ಬಂದು ದೊಡ್ಡ ಕಪ್ಪೆಗಳನ್ನು ತೆಗೆದುಕೊಂಡು ಹೋದ. ಕಿಟಕಿಯ ಹತ್ತಿರ ಆರು ಪ್ಲಾಸ್ಟಿಕ್ ಲೋಟಗಳಲ್ಲಿ ಆರು ಗೊದಮೊಟ್ಟೆಗಳಿದ್ದವು. ಲೋಟದ ಮೇಲೆ ಅಣ್ಣನ ಅಕ್ಷರದಲ್ಲಿ ಒಂದರಿಂದ ಆರರವರೆಗೆ ಅಂಕಿ.

"ಇವನ್ನೂ ಒಯ್ತೀನಿ ಅಕ್ಕಾ. ನಿಮಗ್ಯಾಕೆ ತಾಪತ್ರಯ?"

"ಇರಲಿ ಬಿಡು," ಎಂದೆ.

ಯಾಕೆಂದೆನೋ ಆಗ ತಿಳಿಯಲಿಲ್ಲ. ಅವು ಹೋದರೆ ಆ ಕೋಣೆಗೆ ಕಾಲಿಡಲು ನನಗೆ ನೆಪವೇ ಉಳಿಯುತ್ತಿರಲಿಲ್ಲ. ಅವನು ಕೊನೆಯದಾಗಿ ಕೈಯಾಡಿಸಿದ ಜೀವಗಳಲ್ಲಿ ಒಂದನ್ನಾದರೂ ದೊಡ್ಡದು ಮಾಡಬೇಕು ಎಂಬ ಹಟ ಹಿಡಿಯಿತು. ಅಷ್ಟಾದರೂ ಮಾಡದಿದ್ದರೆ ಅವನಿಗೆ ನಾನು ಆಡಿದ ಕೊನೆಯ ಮಾತು ಅತ್ತಿಗೆಯನ್ನು ಎತ್ತಿ ಆಡಿದ ಅದೊಂದೇ ಆಗಿ ಉಳಿಯುತ್ತಿತ್ತು.

ಒಂದೊಂದಕ್ಕೂ ಬೇರೆ ಲೋಟ ಏಕೆಂದರೆ ಒಟ್ಟಿಗಿದ್ದರೆ ಒಂದನ್ನೊಂದು ತಿನ್ನುತ್ತವಂತೆ. ನಮಗೂ ಇಬ್ಬರಿಗೆ ಎರಡು ಲೋಟ ಆಗಿತ್ತಲ್ಲ ಎನ್ನಿಸಿ, ನಗು ಬಂದು, ಅರ್ಧಕ್ಕೇ ನಿಂತಿತು.

ಓಣಿಯ ಬಾಗಿಲಿನಿಂದ ಒಳಹೋಗಿ ಮೊದಲು ಕೋಣೆ ತೊಳೆದೆ. ನೊಣದ ಬಾಟಲಿಗಳನ್ನೆಲ್ಲ ಎಸೆದೆ. ಟೇಪನ್ನು ಮಾತ್ರ ಮುಟ್ಟಲಿಲ್ಲ. ಅದರ ತುಂಬ ಕರಿ ಕೊಳೆ, ಆದರೂ ಅವನು ಕಟ್ಟಿದ ಗೋಡೆ, ಇದ್ದುಕೊಳ್ಳಲಿ ಎಂದು ಬಿಟ್ಟೆ. ಅವನು ಸತ್ತ ಮೇಲೂ ನನ್ನ ಸಿಟ್ಟು ಇಳಿದಿರಲಿಲ್ಲ.

ಗೊದಮೊಟ್ಟೆಗಳಿಗೆ ಹಿಂಗಾಲು ಬಂತು, ಆಮೇಲೆ ಒಂದು ದಿನ ಮುಂಗಾಲು. ಮುಂಗಾಲು ಬಂದ ಮೇಲೆ ಲೋಟವನ್ನು ಓರೆ ಮಾಡಿ, ಹತ್ತಿ ಕೂರಲು ಜಾಗ ಕೊಡಬೇಕು. ನನಗೆ ಅದು ಗೊತ್ತಿರಲಿಲ್ಲ. ಒಂದನೇ ಲೋಟದ್ದು ಕಪ್ಪೆಯಾದ ದಿನವೇ ಮುಳುಗಿ ಸತ್ತಿತು. ಮಿಕ್ಕ ಐದನ್ನು ಹುಷಾರಾಗಿ ಹೊರಗೆ ತಂದು, ಒಂದೊಂದನ್ನೂ ಒದ್ದೆ ಪಾಚಿ, ಒಣ ಎಲೆ ಹಾಸಿದ ಪುಟ್ಟ ಡಬ್ಬಿಗೆ ಬಿಟ್ಟೆ. ಉಗುರಿನಷ್ಟು ಮೈ, ಅದಕ್ಕೆ ಆಗಲೇ ಹಳದಿ ಪಟ್ಟೆ. ಅಂಗಡಿಯವನು ಸೀಸೆಯಲ್ಲಿ ಹಾಕಿಕೊಟ್ಟ ಧೂಳಿನಷ್ಟು ಸಣ್ಣ ಬಿಳಿ ಹುಳುಗಳನ್ನು ಉದುರಿಸುತ್ತಿದ್ದೆ.

ಮತ್ತೆ ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಆರೈಕೆ ಮಾಡಿದೆ. ದಿನಾ ಡಬ್ಬಿ ತೊಳೆದೆ. ಪಾಚಿಯನ್ನು ಕುದಿಸಿದೆ. ಎಲೆಗಳನ್ನು ಹಲ್ಲಿನ ಸೆಟ್ಟು ಉಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಆಪರೇಷನ್ ಕೋಣೆಗಿಂತ ಶುಚಿಯಾಗಿದ್ದವು. ಮೂರು ವಾರದಲ್ಲಿ ಎರಡನೆಯದು, ಮೂರನೆಯದು, ಐದನೆಯದು ಒಣಗಿದ ಸಿಪ್ಪೆಯ ಹಾಗಾಗಿ ಸತ್ತವು. ನಾಲ್ಕನೆಯದು ಸತ್ತ ದಿನ ಆರನೆಯದನ್ನು ಡಬ್ಬಿ ಸಮೇತ ಎತ್ತಿಕೊಂಡು ಅಂಗಡಿಗೆ ಓಡಿದೆ.

ಅವನು ಮುಚ್ಚಳ ತೆಗೆದು ಮೂಸಿದ. "ಇದೇನಕ್ಕಾ, ಆಸ್ಪತ್ರೆ ವಾಸನೆ?"

"ದಿನಾ ತೊಳೀತೀನಪ್ಪ. ಒಂದು ದಿನಾನೂ ತಪ್ಸಿಲ್ಲ."

"ತೊಳ್ದು ತೊಳ್ದೇ ಕೊಂದ್ರಿ ನೀವು!" ಎಂದವನು ನನ್ನ ಮುಖ ನೋಡಿ ದನಿ ತಗ್ಗಿಸಿದ. "ಆ ಬಿಳಿ ಹುಳ ಇದ್ವಲ್ಲ, ಅವು ಕೊಳೆಯೋ ಎಲೇಲಿ ಮನೆ ಮಾಡ್ಕೊಂಡು ಮರಿ ಹಾಕ್ತವೆ. ಈ ಮರಿಕಪ್ಪೆಗಳಿಗೆ ದಿನವಿಡೀ ಒಂದೊಂದೇ ಸಿಕ್ತಿರಬೇಕು. ನೀವು ದಿನಾ ಊಟದ ಮನೇನೇ ತೊಳೆದು ಹಾಕಿದೀರಿ. ಗಲೀಜಾಗೋಕೆ ಬಿಡಿ ಅಕ್ಕಾ. ನೊಣಾನೂ ಶುರು ಮಾಡಿ."

ಮೂವತ್ತೊಂದು ವರ್ಷದ ನನ್ನ ಹೆಮ್ಮೆ ನಾಲ್ಕು ಜೀವ ತಿಂದಿತ್ತು. ದಾರಿಯುದ್ದಕ್ಕೂ ಡಬ್ಬಿಯನ್ನು ಎದೆಗವಚಿಕೊಂಡು ಬಂದೆ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಕೊಳೆತ ಎಲೆ, ಹಳೆ ಪಾಚಿ, ಅದರಲ್ಲಿ ಹರಿದಾಡುವ ಬಿಳಿ ಹುಳು. ಕೈ ತುರಿಸುತ್ತಿತ್ತು, ಆದರೂ ತೊಳೆಯಲಿಲ್ಲ. ನೊಣದ ಬಾಟಲಿ ತಂದು, ಅಣ್ಣ ಇಡುತ್ತಿದ್ದ ಜಾಗದಲ್ಲೇ ಇಟ್ಟೆ. ಆರನೆಯದು ಪಾಚಿಯಡಿ ಅವಿತು ಕೂತಿತ್ತು, ಬೆನ್ನಿನ ಮೂಳೆ ಎಣಿಸಬಹುದಿತ್ತು. ನೊಣ ಹತ್ತಿರ ಬಂದರೂ ಕತ್ತು ತಿರುಗಿಸುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಬಾಟಲಿಯ ಮುಚ್ಚಳ ತೆಗೆಯುವಾಗ ಕೈ ಜಾರಿತು. ನೊಣಗಳು ನೆಲದ ತುಂಬ ಚೆಲ್ಲಿದವು. ಎಲ್ಲವೂ ಒಂದೇ ದಿಕ್ಕಿಗೆ ಹೊರಟವು: ನಡುವಿನ ಬಾಗಿಲಿನ ಕಡೆಗೆ. ಈ ಕಡೆ ಕಿಟಕಿ ಇನ್ನೂ ತೆರೆದಿರಲಿಲ್ಲ, ಆಚೆ ನನ್ನ ಮೇಜಿನ ದೀಪ ಉರಿಯುತ್ತಿತ್ತು, ಕೆಳಗಿನ ಸಂದಿಯಲ್ಲಿ ಟೇಪು ಸಡಿಲಾಗಿ ಬೆಳಕು ಇಣುಕುತ್ತಿತ್ತು. ಮೇಜಿನ ಮೇಲೆ ಮೇಣದ ಸೆಟ್ಟು ಇದೆಯಲ್ಲ ಎಂದು ನೆನಪಾಯಿತು. ಗೋಡೆಗೂಡಿನಲ್ಲಿ ಅಣ್ಣ ಇಟ್ಟಿದ್ದ ಟೇಪಿನ ಸುರುಳಿ ಹಿಡಿದು, ಮಂಡಿಯೂರಿ ಎಳೆದೆ.

ಸರ್ರ್ ಎಂದಿತು.

ಕೈ ಅಲ್ಲೇ ನಿಂತಿತು. ಅದೇ ದಿನ, ಅದೇ ಹೊತ್ತು, ಅದೇ ಸದ್ದು. ಈ ಸಲ ನನ್ನ ಕೈಯಿಂದ. ಬಗ್ಗಿ ಹಳೆಯ ಟೇಪನ್ನು ಮೊದಲ ಸಲ ಸರಿಯಾಗಿ ನೋಡಿದೆ. ಬಾಗಿಲಿನ ಬುಡದುದ್ದಕ್ಕೂ ಇನ್ನೊಂದು ಪಟ್ಟಿ ಇತ್ತು, ಅಂಟಿನ ಮೈ ಮೇಲೆ ಮಾಡಿ, ಅವನ ಕೋಣೆಯ ಕಡೆಗೆ. ಕೊಳೆ ಎಂದುಕೊಂಡಿದ್ದು ಕೊಳೆಯಲ್ಲ. ನೊಣಗಳು. ನೂರಾರು ನೊಣಗಳು, ಒಂದೂ ದಾಟದ ಹಾಗೆ. ತುಂಬಿದ ಅಂಟು ಹಿಡಿಯುವುದಿಲ್ಲ, ಅದಕ್ಕೇ ವಾರವಾರ ಬದಲಿಸುತ್ತಿದ್ದ.

ಎರಡು ವರ್ಷ ನನ್ನ ಮೇಣವನ್ನು ಕಾಯುತ್ತಿದ್ದ. ನಾನು ರೇಡಿಯೊ ಜೋರು ಮಾಡುತ್ತಿದ್ದೆ.

ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಬಾಯಿಬಿಟ್ಟು ಅತ್ತೆ, ಕೇಳುವವರಿಲ್ಲದ ಮನೆಯಲ್ಲಿ ನಾಚಿಕೆ ಯಾಕೆ. ಆಮೇಲೆ ಟೇಪನ್ನೆಲ್ಲ ಕಿತ್ತು ಬಾಗಿಲು ತೆರೆದೆ. ಕೀಲು ಬಿಗಿದುಕೊಂಡಿತ್ತು, ಭುಜ ಕೊಟ್ಟು ತಳ್ಳಬೇಕಾಯಿತು.

ಸೋಮವಾರ ಬೆಳಿಗ್ಗೆ ಯಾರದೋ ಮೇಲ್ದವಡೆಯ ಸೆಟ್ಟಿಗೆ ಮೇಣ ಹಚ್ಚುತ್ತಿದ್ದೆ. ಒಂದು ನೊಣ ಮೇಜಿನ ಕಾಲು ಹತ್ತಿ ಬಂದು, ಮುಂಬಲ್ಲಿನ ಪಕ್ಕದ ಒಸಡಿನ ಮೇಲೆ ನಿಂತಿತು. ಸಣ್ಣ ಬ್ರಷ್ಷಿನ ತುದಿಯಿಂದ ಅದನ್ನು ಮೆಲ್ಲಗೆ ಎತ್ತಿಕೊಂಡೆ. ತೆರೆದ ಬಾಗಿಲಿನಿಂದ ಆ ಕೋಣೆಗೆ ನಾಲ್ಕು ಹೆಜ್ಜೆ. ಆರನೆಯದರ ಡಬ್ಬಿಯ ಮುಚ್ಚಳ ಸರಿಸಿ ಬ್ರಷ್ಷು ಕೊಡವಿದೆ. ನೊಣ ಎಲೆಯ ಮೇಲೆ ನಡೆಯಿತು. ಪಾಚಿಯಡಿಯಿಂದ ಹಳದಿ ಪಟ್ಟೆಯ ತಲೆಯೊಂದು ಹೊರಬಂತು, ಹಿಂಗಾಲಿನ ಬೆರಳು ಪಟಪಟ ಬಡಿಯಿತು, ಮರುಕ್ಷಣ ಎಲೆಯ ಮೇಲೆ ನೊಣವಿರಲಿಲ್ಲ.

"ತಿಂತು ಕಣೋ ಅಣ್ಣಾ," ಎಂದೆ, ಜೋರಾಗಿಯೇ.

ಮೇಜಿಗೆ ವಾಪಸು ಬಂದು ಕೂತೆ. ಮೇಣದ ಮೇಲೆ ನೊಣ ನಿಂತಿದ್ದ ಗುರುತು ಕೂಡ ಇರಲಿಲ್ಲ. ಆ ಮೊದಲ ನೊಣ ಬಂದ ದಿನವೂ ನಾನು ಮಾಡಬೇಕಿದ್ದದ್ದು ಇಷ್ಟೇ: ಒಂದು ಬ್ರಷ್ಷು, ನಾಲ್ಕು ಹೆಜ್ಜೆ.