ಮಲಗಲಿಕ್ಕಲ್ಲದ ಮಂಚ

ನಾನು ಒಂದು ಮಂಚ. ಜೀವವಿರುವ ಯಾರೂ ಇಂದಿನವರೆಗೆ ನನ್ನ ಮೇಲೆ ಮಲಗಿಲ್ಲ. ನಾನು ಹುಟ್ಟಿದ್ದು ಗದಗಿನ ಒಂದು ಮನೆಯಲ್ಲಿ, ಕಂಪ್ಯೂಟರಿನ ಒಳಗೆ. ನನಗೆ ಕಟ್ಟಿಗೆಯಿಲ್ಲ, ಮೊಳೆಯಿಲ್ಲ. ಕಟ್ಟಿಗೆಯ ಬಣ್ಣ ಮಾತ್ರ ಇದೆ. ನನ್ನನ್ನು ಮಾಡಿದವಳು ಕಮಲಾಕ್ಷಿ ಬಡಿಗೇರ. ಅವಳ ಅಪ್ಪ ಮೌನೇಶಪ್ಪ ಮಾಡಿದ ಸಾಗವಾನಿ ಮಂಚವನ್ನು ಅಳೆದು, ಅದರಂತೆಯೇ ಪರದೆಯ ಮೇಲೆ ನನ್ನನ್ನು ಕಟ್ಟಿದಳು. ಉದ್ದ ಆರೂವರೆ ಅಡಿ. ಒಮ್ಮೆ ಕೈತಪ್ಪಿ ಅರ್ಧ ಅಡಿ ಕಡಿಮೆ ಹಾಕಿದಾಗ, ಹಿಂದೆ ನಿಂತಿದ್ದ ಮೌನೇಶಪ್ಪ ಬಿಡಲಿಲ್ಲ.

"ಮೊದಲ ಮನಷ್ಯಾನ ಅಳತಿ ತಗೋಬೇಕವಾ, ಆಮ್ಯಾಲೆ ಮಂಚದ್ದು," ಎಂದ. ನಾನು ಕೇಳಿದ ಮೊದಲ ಮಾತು ಅದು.

ಕಮಲಾಕ್ಷಿ ನನ್ನನ್ನು ಇಂಟರ್ನೆಟ್ಟಿಗೆ ಹಾಕಿದಳು. ಬೇಕಾದವರು ಇಳಿಸಿಕೊಂಡರು. ಜನರಿಗೆ ಒಂದು ಮಂಚ ನೆಟ್ಟಗೆ ಇಡಲೂ ಬರುವುದಿಲ್ಲವೆಂದು ನನಗೆ ಆಗ ತಿಳಿಯಿತು. ಆಟದ ಲೋಕದಲ್ಲಿ ಅರಮನೆ ಕಟ್ಟುತ್ತಿದ್ದ ಒಬ್ಬ ಪುಣ್ಯಾತ್ಮ ನನ್ನನ್ನು ನೆಲದಿಂದ ಒಂದು ಗೇಣು ಮೇಲೆ ತೇಲಿಬಿಟ್ಟ. ತಿದ್ದಲು ಹೋಗಿ ನನ್ನ ನಾಲ್ಕೂ ಕಾಲುಗಳನ್ನು ನೆಲದಲ್ಲಿ ಹುಗಿದ. ಗೋಡೆಗೆ ತಾಗಿಸಹೋದರೆ ತಲೆದಿಂಬು ಗೋಡೆ ದಾಟಿ ಅಡುಗೆಮನೆಗೆ ಇಣುಕಿತು. ಅವನು ಅದನ್ನು ಹಾಗೇ ಬಿಟ್ಟು ಎದ್ದುಹೋದ. ಒಲೆಯ ಪಕ್ಕದಲ್ಲಿ ತಲೆದಿಂಬು ನೋಡಿ ನನಗೇ ಅಸಹ್ಯವಾಯಿತು.

ಕೊನೆಗೆ ನಾನು ಹುಬ್ಬಳ್ಳಿಯ ಒಬ್ಬ ಬಿಲ್ಡರನ ಕಚೇರಿ ಸೇರಿದೆ. ಅಪಾರ್ಟ್‌ಮೆಂಟು ಇನ್ನೂ ಪಾಯದಲ್ಲಿತ್ತು. ಕೊಳ್ಳಬಂದವರ ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿ, ಕಂಪ್ಯೂಟರಿನ ಮನೆಯೊಳಗೆ ಓಡಾಡಿಸುತ್ತಿದ್ದರು. ಆ ಮನೆಯಲ್ಲಿ ಸಾಮಾನು ಜೋಡಿಸುವವನು ಪ್ರಾಣೇಶ. ಕೆಲಸ ಬಲ್ಲವನು, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಕಾಲು ನೆಲಕ್ಕೆ ಕೂರಿಸಿದ, ತಲೆ ದಕ್ಷಿಣಕ್ಕೆ ತಿರುಗಿಸಿದ, ಗೋಡೆಗೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಒತ್ತಿದ. ಆ ಒಂದು ಮಧ್ಯಾಹ್ನ ಮಾತ್ರ ನಾನು ಸುಖವಾಗಿದ್ದೆ.

ಸಂಜೆ ಮಾಲೀಕ ಕೊಟ್ರಗೌಡ ಬಂದು ನೋಡಿದ.

"ರೂಮು ಭಾಳ ಇಕ್ಕಟ್ಟ ಕಾಣ್ತೈತಲ್ಲೋ."

"ಎಂಟಡಿ ಐತ್ರಿ ಸರ್. ನಕ್ಷೆ ಪಾಸಾಗೇತಿ, ಗ್ವಾಡಿ ಸರಸಾಕ ಬರಂಗಿಲ್ಲ."

"ಗ್ವಾಡಿ ಯಾರು ಕೇಳಿದ್ರು? ಮಂಚ ಸಣ್ಣದು ಮಾಡು."

"ಮಂದಿ ಮಲಗಬೇಕಲ್ರಿ ಸರ್."

"ಇದು ತೋರಸಾಕ, ಮಲಗಾಕಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪ್ರಾಣೇಶ ಒಂದು ಅಂಕಿ ಒತ್ತಿದ. ನನ್ನ ಆರೂವರೆ ಅಡಿ ಐದಡಿ ಚಿಲ್ಲರೆಗೆ ಇಳಿಯಿತು. ಕಪಾಟು, ಕುರ್ಚಿ, ಕನ್ನಡಿ ಎಲ್ಲವೂ ನನ್ನ ಜೊತೆಗೆ ಕುಗ್ಗಿದವು. ಕೋಣೆ ದೊಡ್ಡದಾಗಿ ಕಂಡಿತು.

ಮರುವಾರ ಚಂಬಣ್ಣ, ನಿಂಬೆವ್ವ ಎಂಬ ದಂಪತಿ ಬಂದರು. ಅವನು ನಿವೃತ್ತ ಬಸ್ ಡ್ರೈವರು. ಅವಳು ಮೂವತ್ತು ವರ್ಷ ರವಿಕೆ ಹೊಲಿದವಳು; ಲಕ್ವ ಹೊಡೆದ ಮೇಲೆ ವಾಕರ್ ಹಿಡಿದೇ ನಡೆಯುತ್ತಿದ್ದಳು. ಕನ್ನಡಕ ಕಟ್ಟಿಕೊಂಡವಳು ನನ್ನ ಕಾಲ ಬುಡದಿಂದ ಬಚ್ಚಲ ಬಾಗಿಲಿನವರೆಗೆ ನೋಡಿ ಮುಖ ಅರಳಿಸಿದಳು.

"ಇಷ್ಟು ಜಾಗ ಐತಿ ನೋಡ್ರಿ. ನನ್ನಷ್ಟಕ್ಕ ನಾನ ಬಚ್ಚಲಕ್ಕ ಹೋಗಬಹುದು. ನಿಮ್ಮನ್ನ ಕರಿಯೂದು ಬ್ಯಾಡ."

ಆಮೇಲೆ ನನ್ನನ್ನೇ ದಿಟ್ಟಿಸಿದಳು. "ತಮ್ಮಾ, ನಂದು ಅಳತಿ ಕಣ್ಣು. ಮಂಚ ಗಿಡ್ಡ ಕಾಣ್ತೈತಿ. ಒಬ್ಬರನ್ನ ಮಲಗಿಸಿ ತೋರಸು."

ಸಿಕ್ಕಿಬಿದ್ದರು ಎಂದು ನಾನು ಹಿಗ್ಗಿದೆ. ಕೊಟ್ರಗೌಡ ಕನ್ನಡಕ ಬಿಚ್ಚಿಸಿ ಚಹಾ ತರಿಸಿದ. ಅವರು ಚಹಾ ಕುಡಿಯುವಷ್ಟರಲ್ಲಿ ಪ್ರಾಣೇಶ ಒಂದು ಮನುಷ್ಯನ ಗೊಂಬೆ ತಂದು ನನ್ನ ಮೇಲೆ ಮಲಗಿಸಿದ. ಅದರ ಪಾದಗಳು ನನ್ನ ಅಂಚು ದಾಟಿ ಚಾಚಿಕೊಂಡವು. ಕೊಟ್ರಗೌಡ ಎರಡು ಬೆರಳು ಹತ್ತಿರ ತಂದು ಸನ್ನೆ ಮಾಡಿದ. ಪ್ರಾಣೇಶ ತಲೆ ತಗ್ಗಿಸಿ ಅದೇ ಅಂಕಿ ಒತ್ತಿದ. ಮನುಷ್ಯನೂ ಕುಗ್ಗಿದ.

ನಿಂಬೆವ್ವ ಮತ್ತೆ ನೋಡಿದಳು. ತಲೆ ದಿಂಬಿನ ಮೇಲೆ, ಪಾದ ಅಂಚಿನೊಳಗೆ.

"ಬರೋಬರಿ ಐತಿ. ನನ್ನ ಕಣ್ಣಿಗೆ ವಯಸ್ಸಾತು," ಎಂದು ನಕ್ಕಳು.

ಅವರು ಆ ಮನೆ ಕೊಂಡರು. ಕಟ್ಟಡ ಮುಗಿದು ಕೆಲವು ತಿಂಗಳ ಮೇಲೆ ಚಂಬಣ್ಣ ಒಬ್ಬನೇ ಕಚೇರಿಗೆ ಬಂದು, ನಿಂಬೆವ್ವನ ಹೊಲಿಗೆಯ ಟೇಪನ್ನು ಮೇಜಿನ ಮೇಲೆ ಬಿಚ್ಚಿ ಹಾಸಿದ. "ನಮ್ಮ ಮಂಚ ಹಾಕಿದ ಮ್ಯಾಲೆ ಕಾಲಕಡೆ ಒಂದೂವರೆ ಅಡಿ ಐತ್ರಿ. ವಾಕರಿಗೆ ಎರಡಡಿ ಬೇಕು. ಬಚ್ಚಲಕ್ಕ ಆಕಿನ್ನ ನಾನ ಎತ್ತಿಕೊಂಡು ಹೊಂಟೇನಿ."

"ಸಾಮಾನು ಬರೇ ತೋರಸಾಕ ಅಂತ ಕಾಗದದಾಗ ಬರದೇವಲ್ರಿ," ಎಂದ ಕೊಟ್ರಗೌಡ.

"ಅದನ್ನ ಬಿಡ್ರಿ. ಅಲ್ಲಿ ಅಗಲ ಕಂಡದ್ದು ಇಲ್ಲಿ ಇಕ್ಕಟ್ಟಾಗೇತಿ, ನನ್ನ ಕಣ್ಣ ಕೆಟ್ಟೈತಿ ಅಂತಾಳ ಆಕಿ. ಹೊಲಿಯೂದ ಬಿಟ್ಟಾಳ. ಯಾರರ ಬಂದು, ಕಣ್ಣು ಖರೇನ ಐತಿ ಅಂತ ಹೇಳ್ರಿ."

ಕೊಟ್ರಗೌಡ ಫೋನು ಎತ್ತಿಕೊಂಡ, ಪ್ರಾಣೇಶ ಪರದೆಯ ಕಡೆ ತಿರುಗಿದ. ಅವನು ಟೇಪು ಸುತ್ತಿಕೊಂಡು ಹೋದ. ಅಂದು ಪ್ರಾಣೇಶ ನನ್ನನ್ನು ಆರೂವರೆ ಅಡಿಗೆ ತಂದು ಸ್ವಲ್ಪ ಹೊತ್ತು ನೋಡುತ್ತ ಕುಳಿತಿದ್ದ. ನಾಳೆಯ ಗಿರಾಕಿಗಳಿಗಾಗಿ ಮತ್ತೆ ಕುಗ್ಗಿಸಿ ಮನೆಗೆ ಹೋದ. ಕೊಟ್ರಗೌಡನಿಗಿಂತ ಇವನ ಮೇಲೆಯೇ ನನಗೆ ಹೆಚ್ಚು ಹೇಸಿಗೆ. ಇವನಿಗೆ ಅಳತೆ ಗೊತ್ತಿತ್ತು.

ಈಗ ಹೊಸ ನಮೂನೆಯ ಮಂಚಗಳು ಬಂದಿವೆ. ನನ್ನನ್ನು 'ಹಳೆಯದು' ಎಂಬ ಫೋಲ್ಡರಿಗೆ ತಳ್ಳಿದ್ದಾರೆ. ಆ ಗಿಡ್ಡ ಮನುಷ್ಯ ಇನ್ನೂ ನನ್ನ ಮೇಲೆ ಮಲಗಿದ್ದಾನೆ. ನಿಂಬೆವ್ವನ ಮನೆಗೆ ಇಲ್ಲಿಂದ ಯಾರೂ ಹೋಗಲಿಲ್ಲ. ಕಾಲಿದ್ದೂ ನಡೆಯಲಾರದವನು ನಾನು, ಇಲ್ಲಿಂದಲೇ ಹೇಳುತ್ತೇನೆ: ತಾಯಿ, ನಿಮ್ಮ ಕಣ್ಣು ಸರಿಯಾಗಿಯೇ ಇತ್ತು. ನಾನು ಗಿಡ್ಡ ಇದ್ದೆ.