ಮೇಸ್ತ್ರಿ ಜಾಗಕ್ಕೆ ಮೂರು ದೀಪ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ, ಬೆಳಗಿನ ಎಂಟು ಗಂಟೆ. ತ್ಯಾಗರಾಜನಗರದಲ್ಲಿ ಅಲಮೇಲು ಅಮ್ಮನವರು ನಡೆಸುವ ಹಪ್ಪಳದ ಕಾರ್ಖಾನೆಯಲ್ಲಿ ಸೊಣ್ಣಮ್ಮ ಹಿಟ್ಟು ಕುಟ್ಟುತ್ತಿದ್ದಳು. ಮ್ಯಾನೇಜರ್ ಭಾರ್ಗವ ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತ.

"ಸೊಣ್ಣಮ್ಮೋರೇ, ಮೇಸ್ತ್ರಿ ಜಾಗ ಖಾಲಿ ಇದೆ. ನನ್ನ ಮನಸ್ಸಲ್ಲಿರೋದು ನೀವೊಬ್ರೇ. ಯಾರಿಗೂ ಹೇಳ್ಬೇಡಿ, ಹೊಟ್ಟೆ ಉರ್ಕೋತಾರೆ."

ಮೇಸ್ತ್ರಿಯಾದವಳು ಕೆಳಗೇ ಕೂತು ಕೆಲಸ ಮಾಡಿಸಿದರೆ ಸಾಕು. ಮೂರು ಮಹಡಿ ಹತ್ತಿ ತಾರಸಿಗೆ ಹಪ್ಪಳ ಹೊರುವುದು ಸೊಣ್ಣಮ್ಮನ ಮಂಡಿಗೆ ಇನ್ನು ಆಗದು. ಈ ಜಾಗ ಸಿಗದಿದ್ದರೆ ಕೆಲಸವನ್ನೇ ಬಿಡಬೇಕಿತ್ತು. ನೋವು ನುಂಗಿಕೊಂಡು ಹರೆಯದವಳ ಹಾಗೆ ದುಡಿದಳು. ವಿಚಿತ್ರವೆಂದರೆ, ಜೊತೆಯ ಕಲ್ಯಾಣಿ, ಲತಾಮಣಿಯರೂ ಹರಟೆ ಬಿಟ್ಟು ಹಾಗೇ ದುಡಿದರು. ಹದಿನೈದು ದಿನದಲ್ಲಿ ಹಪ್ಪಳ ಎರಡರಷ್ಟಾಯಿತು. ಭಾರ್ಗವ ಗಟ್ಟಿಗ ಹುಡುಗ ಎಂದರು ಅಲಮೇಲು ಅಮ್ಮ.

ಮಂಗಳವಾರ ರಾಹುಕಾಲದಲ್ಲಿ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುವುದಾಗಿ ಸೊಣ್ಣಮ್ಮ ಹರಕೆ ಹೊತ್ತಿದ್ದಳು. ಮೊಮ್ಮಗಳಿಗೆ ಜ್ವರವೆಂದು ಅರ್ಧ ದಿನ ರಜೆ ಕೇಳಿದಳು.

"ನೀವು ಅಂತ ಬಿಡ್ತಿದ್ದೀನಿ," ಎಂದ ಭಾರ್ಗವ. "ಬೇರೆಯವರ ಕಿವಿಗೆ ಬೀಳ್ಬಾರ್ದು."

ಆದರೆ ಜ್ವರದ ಮಾತು ಆಗಲೇ ಜೊತೆಯವರ ಕಿವಿಗೂ ಬಿದ್ದಿತ್ತು; ಕಲ್ಯಾಣಿಯೂ ಬೆಳಗಿನಿಂದ ಹಲ್ಲುನೋವೆಂದು ಕೆನ್ನೆ ಹಿಡಿದು ಕೂತಿದ್ದಳು. ಗುಡಿಯಲ್ಲಿ ನಿಂಬೆಯ ಹೋಳನ್ನು ಮಗುಚಿ ತುಪ್ಪ ತುಂಬುತ್ತಿದ್ದಾಗ ಪಕ್ಕದ ಬಳೆಯ ಸದ್ದು ಗುರುತಿನದೆನಿಸಿತು. ಕಲ್ಯಾಣಿ. ಅವಳ ಹಿಂದೆ ಲತಾಮಣಿ.

"ಏನಕ್ಕಾ, ಮೊಮ್ಮಗಳ ಜ್ವರ ಗುಡಿಗೇ ಬಂತಾ?"

"ನಿಂಗೆ ಹಲ್ಲುನೋವಲ್ವೇನೇ ಕಲ್ಯಾಣಿ? ದೇವಿ ಹಲ್ಲು ಕೀಳ್ತಾಳಾ?"

ಲತಾಮಣಿಗೆ ಸುಳ್ಳು ಹೊಳೆಯಲಿಲ್ಲ. "ನಾನು ಮೇಸ್ತ್ರಿ ಆಗ್ಲಿ ಅಂತ ಬಂದೆ. ಸಾರ್ ಗುಟ್ಟಾಗಿ ಹೇಳಿದ್ರು."

"ನಿಂಗೂ ಹೇಳಿದ್ನಾ?" ಎಂದರು ಉಳಿದಿಬ್ಬರೂ.

"ನಾನಂತೂ ಹೋಗಲ್ಲ. ಹಪ್ಪಳ ಅವನೇ ಎತ್ಲಿ," ಎಂದಳು ಕಲ್ಯಾಣಿ.

ಸೊಣ್ಣಮ್ಮ ಆಕಾಶ ನೋಡಿದಳು. ಪಡುವಲಲ್ಲಿ ಮೋಡ ಕಟ್ಟಿತ್ತು. "ಸುಳ್ಳು ಅವನದು ಕಣ್ರೇ, ಹಪ್ಪಳ ಒತ್ತಿದ್ದು ನಾವು. ಬೈಯೋದು ನಾಳೆ ಬೈಯೋಣ. ಆಟೋ ಹಿಡೀರಿ."

ಬಂದು ನೋಡಿದರೆ, ಭಾರ್ಗವ ಒಬ್ಬನೇ ತಾರಸಿಯಲ್ಲಿ ಗಾಳಿಗೆ ಹಾರುವ ಹಪ್ಪಳದ ಹಿಂದೆ ಓಡಾಡುತ್ತಿದ್ದ. ಅಲಮೇಲು ಅಮ್ಮ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

ಸೊಣ್ಣಮ್ಮ ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಷ್ಟು ದಿನ ಮುಚ್ಚಿಟ್ಟದ್ದನ್ನು ತಾರಸಿಗೂ ಕೇಳುವಂತೆ ಎಲ್ಲರೆದುರೇ ಕೂಗಿ ಹೇಳಿದಳು: "ನನ್ನ ಮಂಡಿ ಹೋಗಿದೆ, ಹತ್ತಕ್ಕಾಗಲ್ಲ. ಕಲ್ಯಾಣಿ, ನೀನು ಮೇಲೆ ಎತ್ತು. ಲತಾಮಣಿ, ನಡುಮಹಡೀಲಿ ನಿಂತ್ಕೋ. ಸಾರ್, ನೀವು ಅವಳ ಕೈಯಿಂದ ಇಸ್ಕೊಂಡು ನಂಗೆ ತಂದ್ಕೊಡಿ."

ಕೈಯಿಂದ ಕೈಗೆ ಇಳಿದು, ಮೊದಲ ಹನಿ ಬೀಳುವಷ್ಟರಲ್ಲಿ ಹಪ್ಪಳವೆಲ್ಲ ಒಳಗಿತ್ತು.

"ಇಲ್ಲಿ ಮೇಸ್ತ್ರಿ ಯಾರು?" ಎಂದು ಕೇಳಿದರು ಅಲಮೇಲು ಅಮ್ಮ.

ಕಲ್ಯಾಣಿ, ಲತಾಮಣಿ ಅಷ್ಟೇನೂ ಮನಸ್ಸಿಲ್ಲದೆ ಮೆಟ್ಟಿಲ ಕಡೆ ಕೈ ತೋರಿಸಿದರು. ಭಾರ್ಗವನೂ ತೋರಿಸಿದ.

ಮುಂದೆ ಅವನಿಗೆ ಜೆಪಿ ನಗರದ ದೊಡ್ಡ ಕಂಪನಿಯಲ್ಲಿ ಕೆಲಸವಾಯಿತು. ಕೈಕೆಳಗೆ ಇನ್ನೂರು ಜನ. ಅಷ್ಟು ಕಿವಿಗೆ ಒಂದೊಂದಾಗಿ ಪಿಸುಗುಟ್ಟಲು ಪಾಪ ಎಷ್ಟು ಹೊತ್ತು ಬೇಕೋ ಎಂದು ಸೊಣ್ಣಮ್ಮನಿಗೆ ನಿಜವಾಗಿಯೂ ಮರುಕವಾಯಿತು. ಭಾರ್ಗವ ಹೋದದ್ದು ಯುಗಾದಿಯ ಹಿಂದಿನ ಶನಿವಾರ.